ಟಂಕಸಾಲೆಯ ಮುಚ್ಚಿದ ಬಾಗಿಲು

ಬೆಂಗಳೂರಿನ ಅಂಚಿನ ವರ್ತೂರಿನಿಂದ ಪೂರ್ವಕ್ಕೆ ಹೊರಟರೆ ಕೋಲಾರದ ಚಿನ್ನದ ಗಣಿಗಳು ಬೆಳಗಿನ ತಿಂಡಿ ಮುಗಿಸಿ ಹೊರಟವರು ಮಧ್ಯಾಹ್ನದ ಊಟಕ್ಕೆ ಮನೆಗೆ ಮರಳಬಹುದಾದಷ್ಟು ಹತ್ತಿರ. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಅಲ್ಲಿ ಆಳದ ಗಣಿಗಾರಿಕೆ ಶುರು ಮಾಡಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂತು. 1905ರ ಹೊತ್ತಿಗೆ ವರ್ಷಕ್ಕೆ 6 ಲಕ್ಷ ಔನ್ಸಿಗೂ ಹೆಚ್ಚು ಚಿನ್ನ ಮೇಲೆ ಬರುತ್ತಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚುವಷ್ಟರಲ್ಲಿ ಒಟ್ಟು 800 ಟನ್ನಿಗೂ ಮೀರಿದ ಚಿನ್ನ ಈ ನೆಲದಿಂದ ಹೋಗಿತ್ತು. ಮೈಸೂರು ಸರ್ಕಾರಕ್ಕೆ ರಾಜಧನ ಸಿಕ್ಕಿತು, ಲಂಡನ್ನಿನ ಷೇರುದಾರರಿಗೆ ಲಾಭಾಂಶ ಸಿಕ್ಕಿತು, ಸುರಂಗಕ್ಕೆ ಇಳಿದವರಿಗೆ ಕೂಲಿ ಸಿಕ್ಕಿತು. ಆ ಚಿನ್ನವನ್ನು ಇಲ್ಲೇ ನಾಣ್ಯವಾಗಿ ಅಚ್ಚು ಹಾಕಿ, ದೇಶದ ಹಣವಾಗಿ ಚಲಾವಣೆಗೆ ಬಿಡಬೇಕೆಂಬ ಯೋಜನೆಯೂ ಒಮ್ಮೆ ಬಾಗಿಲವರೆಗೆ ಬಂದಿತ್ತು. ಅದು ಒಳಗೆ ಬರಲಿಲ್ಲ.

ಈಗ ಆ ಮಾತು ಮತ್ತೆ ಎದ್ದಿದೆ. 2025ರಲ್ಲಿ 10 ಗ್ರಾಂ ಚಿನ್ನದ ಬೆಲೆ 1 ಲಕ್ಷ ರೂಪಾಯಿ ದಾಟಿತು, ಬೆಳ್ಳಿಯೂ ಅದರ ಬೆನ್ನು ಹತ್ತಿ ಓಡಿತು. ರೂಪಾಯಿಯ ಬೆನ್ನಿಗೆ ಚಿನ್ನ ಇದ್ದಿದ್ದರೆ ಹೀಗಾಗುತ್ತಿತ್ತೇ, ಸರ್ಕಾರ ಚಿನ್ನ ಬೆಳ್ಳಿಯ ನಾಣ್ಯವನ್ನೇ ಹಣವಾಗಿ ಮಾಡಬಾರದೇ ಎಂದು ಕೇಳುವವರು ಹೆಚ್ಚಿದ್ದಾರೆ. ವರ್ತೂರು, ವೈಟ್‌ಫೀಲ್ಡ್ ಕಡೆಯ ತಂತ್ರಜ್ಞಾನ ಕಂಪನಿಗಳಲ್ಲಿ ಕೆಲಸ ಮಾಡುವ, ಲೆಕ್ಕ ಬಲ್ಲ ಯುವಕರೂ ಇದನ್ನು ಗಂಭೀರವಾಗಿ ಕೇಳುತ್ತಾರೆ. ಹಳೆಯ ವರ್ತೂರಿನ ರೈತಾಪಿ ಮನೆಗಳ ಹಿರಿಯರೂ ಬೇರೆ ಮಾತಿನಲ್ಲಿ ಅದನ್ನೇ ಕೇಳುತ್ತಾರೆ. ಈ ಪ್ರಶ್ನೆಗೆ ಕನ್ನಡ ನಾಡಿನಲ್ಲಿ ಉದ್ದದ ಇತಿಹಾಸವಿದೆ. ಅದನ್ನು ಓದಿದಷ್ಟೂ ನನಗೆ ಒಂದು ವಿಷಯ ಖಚಿತವಾಗುತ್ತ ಬಂದಿದೆ. ಸಾಮಾನ್ಯ ಮನೆಗೆ ಸಂಬಂಧಿಸಿದ ಮಟ್ಟಿಗೆ, ನಾಣ್ಯ ಯಾವ ಲೋಹದ್ದು ಎಂಬುದಕ್ಕಿಂತ ಕಷ್ಟ ಬಂದ ದಿನ ಮನೆಯ ಲೋಹಕ್ಕೆ ಏನು ಬೆಲೆ ಸಿಗುತ್ತದೆ, ಆ ಬೆಲೆಗೆ ಹೊಣೆ ಯಾರು ಎಂಬುದೇ ಈ ವಿವಾದದ ಹುರುಳು. ನೂರೈವತ್ತು ವರ್ಷಗಳ ಚರ್ಚೆಯಲ್ಲಿ ಆಯೋಗಗಳು ಈ ಪ್ರಶ್ನೆಯನ್ನು ಬದಿಗೆ ಸರಿಸುತ್ತಲೇ ಬಂದವು.

ದಕ್ಷಿಣದ ಹಣ ಮೂಲತಃ ಚಿನ್ನದ್ದು. ಬೆಳ್ಳಿ ಬಂದಿರಲಿಲ್ಲವೆಂದಲ್ಲ. 1891ರಲ್ಲಿ ಯಶವಂತಪುರದ ಬಳಿ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. 1965ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ಬಳಿ, ಅಂದರೆ ವರ್ತೂರಿಗೆ ಇನ್ನೂ ಹತ್ತಿರದಲ್ಲಿ, ಅಂಥದೇ ಇನ್ನೊಂದು ರಾಶಿ ಸಿಕ್ಕಿತು. ಆದರೂ ವಿಜಯನಗರದ ಕಾಲಕ್ಕೆ ಇಲ್ಲಿಯ ದೊಡ್ಡ ವ್ಯವಹಾರವೆಲ್ಲ ವರಹದಲ್ಲಿ. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಅಲ್ಲಿಯ ಟಂಕಸಾಲೆಯನ್ನೂ, ಚಿನ್ನದ ವರಹ, ಪ್ರತಾಪ, ಹಣಗಳನ್ನೂ, ಬೆಳ್ಳಿಯ ತಾರವನ್ನೂ ವಿವರಿಸಿದ್ದಾನೆ. ವಿಜಯನಗರ ಬಿದ್ದ ಮೇಲೂ ಈ ರೂಢಿ ತಪ್ಪಲಿಲ್ಲ. ಮೈಸೂರಿನ ಕಂಠೀರವ ನರಸರಾಜ ಒಡೆಯರು (1638–1659) ಅಚ್ಚು ಹಾಕಿಸಿದ ಕಂಠೀರವ ಹಣ ತೊಗರಿಬೇಳೆಗಿಂತ ದೊಡ್ಡದಿರಲಿಲ್ಲ. ಬೆರಳ ಸಂದಿಯಿಂದ ಜಾರಿದರೆ ಹುಡುಕುವುದು ಕಷ್ಟ. ಅಷ್ಟು ಸಣ್ಣ ಚಿನ್ನದ ನಾಣ್ಯ ಸಂತೆಯಲ್ಲಿ ಓಡಾಡುತ್ತಿತ್ತು ಎಂಬುದು ಗಮನಿಸಬೇಕಾದ ಸಂಗತಿ. ಚಿನ್ನ ಶ್ರೀಮಂತರ ಪೆಟ್ಟಿಗೆಯಲ್ಲಷ್ಟೇ ಇರಲಿಲ್ಲ. ಹತ್ತು ಕಂಠೀರವ ಹಣಕ್ಕೆ ಒಂದು ವರಹ ಎಂಬ ಲೆಕ್ಕ, ಆ ವರಹದ ನಾಣ್ಯವೇ ಇಲ್ಲದ ಕಾಲದಲ್ಲೂ ಮೈಸೂರಿನ ಕಡತಗಳಲ್ಲಿ ಬಹುಕಾಲ ನಡೆಯಿತು.

ಹೈದರನ ಬಹಾದ್ದೂರಿ ಹೊನ್ನಿನ ಬಳಿಕ ಟಿಪ್ಪುವಿನ ಟಂಕಸಾಲೆಗಳಲ್ಲಿ ಮೂರೂ ಲೋಹಗಳು ಒಟ್ಟಿಗೆ ನಡೆದವು. ಚಿನ್ನದಲ್ಲಿ ಅಹಮದಿ, ಸಿದ್ದಿಕಿ, ಫಾರೂಕಿ. ಬೆಳ್ಳಿಯಲ್ಲಿ ಹೈದರಿ, ಇಮಾಮಿ. ತಾಮ್ರದಲ್ಲಿ ಆನೆಯ ಕಾಸು. ಟಿಪ್ಪು ಬಿದ್ದ ಮರುವರ್ಷ ಈ ಸೀಮೆಯಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಸಂತೆಗಳಲ್ಲಿ ಓಡುತ್ತಿದ್ದ ಬಗೆಬಗೆಯ ನಾಣ್ಯಗಳನ್ನೂ ಅವುಗಳನ್ನು ಬದಲಿಸಿಕೊಡುವ ಶರಾಫರನ್ನೂ ಬರೆದಿಟ್ಟಿದ್ದಾನೆ. ಒಂದಕ್ಕೊಂದು ಲೋಹದ ದರ ದಿನಕ್ಕೊಂದು, ಊರಿಗೊಂದು. ಆ ವ್ಯತ್ಯಾಸದಲ್ಲೇ ಶರಾಫನ ಬದುಕು. ಈ ವ್ಯತ್ಯಾಸದ ಹಣವನ್ನು, ಅಂದರೆ ವಟ್ಟವನ್ನು, ಕಟ್ಟಬೇಕಾದವನು ಸಂತೆಗೆ ರಾಗಿ ಹೊತ್ತು ತಂದ ರೈತ. ಲೋಹದ ಹಣದ ಸುವರ್ಣ ಯುಗದ ಬಗ್ಗೆ ಮಾತಾಡುವವರು ಈ ವಟ್ಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ.

ಚಿನ್ನದ ನಾಡನ್ನು ಬೆಳ್ಳಿಗೆ ತಿರುಗಿಸಿದ್ದು ಈಸ್ಟ್ ಇಂಡಿಯಾ ಕಂಪನಿ. 1799ರ ಒಪ್ಪಂದದಲ್ಲಿ ಮೈಸೂರಿನ ಮೇಲೆ ಹೊರಿಸಿದ ವಾರ್ಷಿಕ ಪೊಗದಿ 7 ಲಕ್ಷ ಸ್ಟಾರ್ ಪಗೋಡ, ಅಂದರೆ ವರಹದ ಲೆಕ್ಕದಲ್ಲೇ ಇತ್ತು. 1818ರಲ್ಲಿ ಮದರಾಸು ಪ್ರಾಂತದಲ್ಲಿ ಬೆಳ್ಳಿ ರೂಪಾಯಿಯನ್ನು ಮುಖ್ಯ ನಾಣ್ಯವಾಗಿ ಮಾಡಿ, 100 ವರಹಕ್ಕೆ 350 ರೂಪಾಯಿ ಎಂದು ದರ ಕಟ್ಟಿದರು. ಮೈಸೂರಿನ ಪೊಗದಿಯೂ ಇದೇ ದರದಲ್ಲಿ 24 ಲಕ್ಷದ 50 ಸಾವಿರ ರೂಪಾಯಿ ಆಯಿತು. 1835ರ ಕಾಯ್ದೆ ಇಡೀ ಬ್ರಿಟಿಷ್ ಭಾರತಕ್ಕೆ ಒಂದೇ ರೂಪಾಯಿ ತಂದಿತು. ತೂಕ 180 ಗ್ರೇನ್, ಅಂದರೆ ಸರಿಯಾಗಿ ಒಂದು ತೊಲ. ಅದರಲ್ಲಿ ಶುದ್ಧ ಬೆಳ್ಳಿ 165 ಗ್ರೇನ್. ಚಿನ್ನದ ನಾಣ್ಯ ಕಾನೂನಿನ ಹಣವಾಗಿ ಉಳಿಯಲಿಲ್ಲ. ಮೈಸೂರಿನ ಟಂಕಸಾಲೆ 1833ರಲ್ಲಿ ಬೆಂಗಳೂರಿಗೆ ಬಂದು, 1843ರಲ್ಲಿ ಮುಚ್ಚಿತು. ಅಲ್ಲಿಂದಾಚೆಗೆ ಈ ಸೀಮೆಯ ಹಣದ ಮೇಲೆ ಈ ಸೀಮೆಯ ಅರಸರ ಮುದ್ರೆ ಬೀಳಲಿಲ್ಲ.

ಆ ಬೆಳ್ಳಿ ರೂಪಾಯಿಗೆ ಒಂದು ದೊಡ್ಡ ಗುಣವಿತ್ತು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ವರಮಹಾಲಕ್ಷ್ಮಿ ಹಬ್ಬದಂದು ಕಳಶದ ಮುಂದಿಡುವ ತಟ್ಟೆಯಲ್ಲಿ ವಿಕ್ಟೋರಿಯಾ ರಾಣಿಯ ರೂಪಾಯಿ ಇವತ್ತಿಗೂ ಇದೆ. ಕೈಯಲ್ಲಿ ಹಿಡಿದರೆ ಹನ್ನೊಂದೂವರೆ ಗ್ರಾಮಿಗಿಂತ ತುಸು ಹೆಚ್ಚು ತೂಗುತ್ತದೆ. ಅಂಚಿನಲ್ಲಿ ಹಲ್ಲುಹಲ್ಲಾದ ಗೆರೆಗಳು. ಯಾರಾದರೂ ಅಂಚು ಕೆರೆದು ಬೆಳ್ಳಿ ಕದ್ದರೆ ತಕ್ಷಣ ಗೊತ್ತಾಗಲೆಂದು ಹಾಕಿದವು. ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳಿ ಅಸಲಿ ನಕಲಿ ಹೇಳುವವರಿದ್ದರು. ಆ ಕಾಲದಲ್ಲಿ ಯಾರು ಬೇಕಾದರೂ ಬೆಳ್ಳಿ ತಂದುಕೊಟ್ಟು, ನೂರಕ್ಕೆ 2ರಷ್ಟು ಅಚ್ಚುಕೂಲಿ ಮತ್ತು ಕರಗಿಸುವ ಸಣ್ಣ ಖರ್ಚು ಕೊಟ್ಟರೆ, ಸರ್ಕಾರ ಅದನ್ನು ರೂಪಾಯಿಯಾಗಿ ಅಚ್ಚು ಹಾಕಿ ಹಿಂದಿರುಗಿಸಲೇಬೇಕಿತ್ತು. ಬೊಂಬಾಯಿ, ಕಲ್ಕತ್ತೆಯ ಟಂಕಸಾಲೆಗಳ ಬಾಗಿಲು ಹೀಗೆ ತೆರೆದಿತ್ತು. ಮದರಾಸಿನದು 1869ರಲ್ಲಿ ಮುಚ್ಚಿತ್ತು. ವರ್ತೂರಿನ ರೈತ ಬೊಂಬಾಯಿಗೆ ಹೋಗುತ್ತಿರಲಿಲ್ಲ, ಸಾಹುಕಾರನ ಬಳಿಗೆ ಹೋಗುತ್ತಿದ್ದ. ಸಾಹುಕಾರ ತನ್ನ ಪಾಲು ಹಿಡಿದುಕೊಳ್ಳುತ್ತಿದ್ದ. ಆದರೂ ಬೆಳ್ಳಿಯ ಬೆಲೆಗೆ ಒಂದು ನೆಲೆಗಟ್ಟು ಇತ್ತು. ಒಂದು ತೊಲದ ಕಾಲುಗಡಗ ಕೊಟ್ಟರೆ ಕಡಿಮೆಯೆಂದರೂ ಒಂದು ರೂಪಾಯಿಯ ಹತ್ತಿರ ಹತ್ತಿರ ಬರಬೇಕು. ಅದಕ್ಕಿಂತ ಬಹಳ ಕೆಳಕ್ಕೆ ಇಳಿಸಿದರೆ ಇನ್ನೊಬ್ಬ ವ್ಯಾಪಾರಿ ಕೊಂಡು ಟಂಕಸಾಲೆಗೆ ಕಳಿಸುತ್ತಿದ್ದ.

ಆ ನೆಲೆಗಟ್ಟಿನ ಬೆಲೆ ತಿಳಿದದ್ದು 1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ. ಮೈಸೂರು ಸೀಮೆಯಲ್ಲಿ ಬೆಂಗಳೂರು, ಕೋಲಾರ, ತುಮಕೂರು ಕಡೆಗೆ ಬಿದ್ದ ಹೊಡೆತ ಭೀಕರವಾಗಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ 55 ಸಾವಿರ ಇದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದಿತ್ತು. ಮೊದಲು ದನಕರು ಮಾರಿದರು, ಆಮೇಲೆ ಪಾತ್ರೆ ಪಡಗ, ಆಮೇಲೆ ಒಡವೆ. ಉಡಿದಾರ, ಕಡಗ, ಕಾಲುಂಗುರ, ಮಕ್ಕಳ ಗೆಜ್ಜೆ. ಕ್ಷಾಮ ಹಿಡಿದ ಜಿಲ್ಲೆಗಳ ಬೆಳ್ಳಿ ಒಡವೆಗಳು ಬೊಂಬಾಯಿ ಟಂಕಸಾಲೆಗೆ ಕರಗಲು ಬಂದದ್ದು ಮುಂದಿನ ಆಯೋಗಗಳ ಮುಂದೆ ಸಾಕ್ಷ್ಯವಾಗಿ ಬಂತು. ಕಾಳಿನ ಬೆಲೆ ಎಷ್ಟೇ ಏರಿದರೂ ಬೆಳ್ಳಿಯಿಂದ ರೂಪಾಯಿಗೆ ಹೋಗುವ ಹಾದಿಯಲ್ಲಿ ದರ ಬೀಳಲಿಲ್ಲ. ಒಡವೆ ಕೆಲವರ ಜೀವವನ್ನಾದರೂ ಉಳಿಸಿತು.

ಹದಿನೈದೇ ವರ್ಷಗಳಲ್ಲಿ ಈ ಬಾಗಿಲು ಮುಚ್ಚಿತು. ಕಾರಣ ನಮ್ಮದಲ್ಲ. 1871ರ ನಂತರ ಜರ್ಮನಿ ಚಿನ್ನಕ್ಕೆ ತಿರುಗಿತು. 1873ರಲ್ಲಿ ಅಮೆರಿಕ ಬೆಳ್ಳಿ ಡಾಲರಿನ ಮುಕ್ತ ಅಚ್ಚನ್ನು ಕೈಬಿಟ್ಟಿತು. ಅದೇ ಹೊತ್ತಿಗೆ ನೆವಾಡಾದ ಗಣಿಗಳಿಂದ ಬೆಳ್ಳಿ ಧಾರಾಳವಾಗಿ ಬಂತು. ಬೆಳ್ಳಿ ಅಗ್ಗವಾಯಿತು, ಅದರ ಜೊತೆ ರೂಪಾಯಿಯೂ ಇಳಿಯಿತು. 1870ರ ದಶಕದ ಆರಂಭದಲ್ಲಿ 2 ಷಿಲ್ಲಿಂಗಿನ ಹತ್ತಿರವಿದ್ದ ರೂಪಾಯಿ 1892ಕ್ಕೆ 1 ಷಿಲ್ಲಿಂಗ್ 3 ಪೆನ್ನಿಗೆ ಬಂದಿತ್ತು. ಲಂಡನ್ನಿಗೆ ಪೌಂಡಿನಲ್ಲಿ ಕಟ್ಟಬೇಕಾದ ಖರ್ಚು, ಅಂದರೆ ಸಾಲದ ಬಡ್ಡಿ, ನಿವೃತ್ತ ಅಧಿಕಾರಿಗಳ ಪಿಂಚಣಿ, ರೈಲ್ವೆಯ ಖಾತರಿ ಹಣ, ರೂಪಾಯಿ ಲೆಕ್ಕದಲ್ಲಿ ಏರುತ್ತಲೇ ಹೋಯಿತು. ಭಾರತ ಸರ್ಕಾರದ ಬಜೆಟ್ ಅಲುಗಾಡಿತು. ಇದನ್ನು ಪರಿಶೀಲಿಸಲು ಹರ್ಷೆಲ್ ಸಮಿತಿ ಕೂತಿತು. 1893ರ ಜೂನ್ 26ರಂದು ಟಂಕಸಾಲೆಗಳು ಖಾಸಗಿ ಬೆಳ್ಳಿಗೆ ಮುಚ್ಚಿದವು. ಅಲ್ಲಿಂದ ಬೆಳ್ಳಿಯ ಬೆಲೆ ಇನ್ನೂ ಕುಸಿಯಿತು. ಅಮೆರಿಕದ ಕೊಲೊರಾಡೊದಲ್ಲಿ ಗಣಿಗಳು ಬಾಗಿಲು ಹಾಕಿದವು. ಅದೇ ವರ್ಷ ನವೆಂಬರಿನಲ್ಲಿ ಅಲ್ಲಿಯ ಸರ್ಕಾರವೂ ಬೆಳ್ಳಿ ಕೊಳ್ಳುವ ಕಾಯ್ದೆ ರದ್ದು ಮಾಡಿತು. 1896ರ ಅಧ್ಯಕ್ಷ ಚುನಾವಣೆಯನ್ನು ವಿಲಿಯಂ ಜೆನ್ನಿಂಗ್ಸ್ ಬ್ರಯಾನ್ ಬೆಳ್ಳಿ ನಾಣ್ಯದ ಪರವಾಗಿಯೇ ಹೋರಾಡಿ ಸೋತ. ಅಮೆರಿಕದ ರೈತನಿಗೆ ಈ ಪ್ರಶ್ನೆಯ ಮೇಲೆ ಮತ ಹಾಕುವ ಹಕ್ಕಾದರೂ ಇತ್ತು.

ಇಲ್ಲಿಯ ರೈತನಿಗೆ ಏನಾಯಿತು ನೋಡಿ. ಸರ್ಕಾರ ರೂಪಾಯಿಯ ಬೆಲೆಯನ್ನು ಕೃತಕವಾಗಿ 1 ಷಿಲ್ಲಿಂಗ್ 4 ಪೆನ್ನಿಗೆ, ಅಂದರೆ 16 ಪೆನ್ನಿಗೆ ಏರಿಸಿ ನಿಲ್ಲಿಸಿತು. 1902ರಲ್ಲಿ ಲಂಡನ್ನಿನಲ್ಲಿ ಬೆಳ್ಳಿಯ ಸರಾಸರಿ ದರ ಔನ್ಸಿಗೆ 24 ಪೆನ್ನಿಯ ಆಸುಪಾಸು. ಆ ದರದಲ್ಲಿ ಒಂದು ರೂಪಾಯಿಯೊಳಗಿನ ಬೆಳ್ಳಿಯ ಬೆಲೆ 9 ಪೆನ್ನಿಗೂ ಕಡಿಮೆ. ರೂಪಾಯಿ 16 ಆಣೆ. ಅಷ್ಟೇ ತೂಕದ, ಅಷ್ಟೇ ಶುದ್ಧತೆಯ ಕಡಗ ಸುಮಾರು 9 ಆಣೆ. ಇಪ್ಪತ್ತೈದು ವರ್ಷ ಹಿಂದೆ ಎರಡೂ ಒಂದೇ ಇದ್ದವು. ಒಂದು ಆದೇಶದಿಂದ ಹಳ್ಳಿಮನೆಗಳ ಉಳಿತಾಯದ ಹತ್ತಿರ ಹತ್ತಿರ ಅರ್ಧ ಆವಿಯಾಯಿತು. ಅದಾದ ಮೇಲೆ 1896–97ರ, 1899–1900ರ ಕ್ಷಾಮಗಳು ದೇಶದ ದೊಡ್ಡ ಭಾಗವನ್ನು ಹಿಡಿದವು. ಆಗ ಒಡವೆ ಮಾರಿದವರಿಗೆ ಹಿಂದಿನ ಬೆಲೆ ಸಿಗಲಿಲ್ಲ. ಹರ್ಷೆಲ್ ಸಮಿತಿಯ ಮುಂದೆ ಒಡವೆಯ ಬೆಲೆ ಬೀಳುವ ಪ್ರಶ್ನೆ ಬಂದಿತ್ತು. ಬಜೆಟ್ಟಿನ ತಕ್ಕಡಿಯಲ್ಲಿ ಅದು ಹಗುರವಾಯಿತು. ಇಡೀ ವಿವಾದದಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯ ನನಗೆ ಕಾಣುವುದಿಲ್ಲ, ನಮ್ಮ ಪಠ್ಯಪುಸ್ತಕಗಳಲ್ಲಿ ಇದಕ್ಕೆ ಒಂದು ಸಾಲೂ ಇಲ್ಲದಿರುವುದು ನೋವಿನ ಸಂಗತಿ.

ಬೆಳ್ಳಿಯ ಬಾಗಿಲು ಮುಚ್ಚಿದ ಮೇಲೆ ಚಿನ್ನದ ಬಾಗಿಲು ತೆರೆಯುತ್ತೇವೆ ಎಂಬ ಮಾತು ಬಂತು. ಅದು ಹೊಸ ಮಾತೇನಲ್ಲ. 1841ರಲ್ಲಿ ಖಜಾನೆಗಳು 15 ರೂಪಾಯಿಗೆ ಒಂದರಂತೆ ಚಿನ್ನದ ಮೊಹರನ್ನು ಸ್ವೀಕರಿಸಬಹುದೆಂದು ಹೇಳಿ, ಕ್ಯಾಲಿಫೋರ್ನಿಯ, ಆಸ್ಟ್ರೇಲಿಯಗಳಲ್ಲಿ ಹೊಸ ಚಿನ್ನ ಸಿಕ್ಕಾಗ ಚಿನ್ನ ಅಗ್ಗವಾದೀತೆಂದು ಹೆದರಿ 1853ರಿಂದ ಅದನ್ನು ನಿಲ್ಲಿಸಿದ್ದರು. 1866ರ ಮ್ಯಾನ್ಸ್‌ಫೀಲ್ಡ್ ಆಯೋಗ 15, 10, 5 ರೂಪಾಯಿಗಳ ಚಿನ್ನದ ನಾಣ್ಯ ಬೇಕೆಂದು ಹೇಳಿತ್ತು. ಆಗ ಯಾರೂ ಕಿವಿಗೊಡಲಿಲ್ಲ. 1898ರ ಫೌಲರ್ ಸಮಿತಿ ಬ್ರಿಟಿಷ್ ಚಿನ್ನದ ನಾಣ್ಯವಾದ ಸವರನ್ನನ್ನು ಭಾರತದ ಕಾನೂನಿನ ಹಣವಾಗಿ ಮಾಡಿ, ಚಿನ್ನದ ಮುಕ್ತ ಅಚ್ಚಿಗೆ ಟಂಕಸಾಲೆ ತೆರೆಯಬೇಕೆಂದು ಶಿಫಾರಸು ಮಾಡಿತು. 1899ರ ಕಾಯ್ದೆ 15 ರೂಪಾಯಿಗೆ ಒಂದು ಸವರನ್ ಎಂದು ನಿಗದಿ ಮಾಡಿತು. ಬೊಂಬಾಯಿಯಲ್ಲಿ ರಾಯಲ್ ಮಿಂಟಿನ ಶಾಖೆ ತೆರೆಯುವುದೊಂದೇ ಬಾಕಿ.

ಕೋಲಾರ ಇಲ್ಲಿ ಬರುತ್ತದೆ. ಬೊಂಬಾಯಿಯ ಚಿನ್ನದ ಟಂಕಸಾಲೆಗೆ ನಿಯತವಾಗಿ ಚಿನ್ನ ಒದಗಿಸಬಲ್ಲ ದೇಶೀಯ ಮೂಲವೆಂದರೆ ಕೋಲಾರದ ಗಣಿಗಳೇ. ಬ್ರಿಟಿಷ್ ಖಜಾನೆ ತಾಂತ್ರಿಕ ತಕರಾರುಗಳನ್ನು ಒಂದಾದ ಮೇಲೊಂದು ತೆಗೆಯಿತು. ಪತ್ರ ವ್ಯವಹಾರ ವರ್ಷಗಟ್ಟಲೆ ಎಳೆಯಿತು. ಅಷ್ಟರಲ್ಲಿ ಗಣಿ ಕಂಪನಿಗಳು ತಮ್ಮ ಚಿನ್ನವನ್ನು ಇಂಗ್ಲೆಂಡಿನಲ್ಲೇ ಮಾರುವ ಒಪ್ಪಂದ ಮಾಡಿಕೊಂಡವು. ಚಿನ್ನವೇ ಬಾರದ ಮೇಲೆ ಟಂಕಸಾಲೆ ಏಕೆ ಎಂದು ಯೋಜನೆಯನ್ನು ಕೈಬಿಟ್ಟರು. ಚಿನ್ನದ ಮಾನಕ ಬರಬೇಕಿದ್ದ ಜಾಗದಲ್ಲಿ ಲಂಡನ್ನಿನಲ್ಲಿ ಠೇವಣಿಯಿಟ್ಟ ಪೌಂಡುಗಳ ಮೇಲೆ ನಿಂತ ರೂಪಾಯಿ ಬಂತು. ತರುಣ ಅರ್ಥಶಾಸ್ತ್ರಜ್ಞ ಕೇನ್ಸ್ 1913ರಲ್ಲಿ ಬರೆದ ‘ಇಂಡಿಯನ್ ಕರೆನ್ಸಿ ಅಂಡ್ ಫೈನಾನ್ಸ್’ ಪುಸ್ತಕದಲ್ಲಿ ಈ ವ್ಯವಸ್ಥೆಯನ್ನೇ ಹೊಗಳಿದ: ಕೈಯಿಂದ ಕೈಗೆ ಓಡಾಡುವ ಚಿನ್ನ ದುಂದು, ಅದು ಒಂದೆಡೆ ಕೂಡಿಟ್ಟಿದ್ದರೆ ಕಷ್ಟಕ್ಕೆ ಬರುತ್ತದೆ ಎಂಬುದು ಅವನ ವಾದ. ವಾದದಲ್ಲಿ ಬಲವಿದೆ. ಕೂಡಿಟ್ಟ ಚಿನ್ನ ಯಾರ ಊರಿನಲ್ಲಿ, ಯಾರ ಕೀಲಿಯಲ್ಲಿ ಎಂಬ ಪ್ರಶ್ನೆಗೆ ಮಾತ್ರ ಅವನ ಉತ್ತರ ಭಾರತೀಯರಿಗೆ ಒಪ್ಪಿಗೆಯಾಗಲಿಲ್ಲ.

1912ರ ಮಾರ್ಚಿನಲ್ಲಿ ವಿಠ್ಠಲದಾಸ್ ಠಾಕರ್ಸಿ ಚಿನ್ನದ ಮುಕ್ತ ಅಚ್ಚಿಗೆ ಟಂಕಸಾಲೆ ತೆರೆಯಬೇಕೆಂದು ಕೇಂದ್ರ ಶಾಸನ ಪರಿಷತ್ತಿನಲ್ಲಿ ಠರಾವು ಮಂಡಿಸಿದರು, ಗೋಖಲೆ ಬೆಂಬಲಿಸಿದರು. ಆ ಪ್ರಶ್ನೆಯನ್ನು ಪರಿಶೀಲಿಸಿದ ಛೇಂಬರ್ಲೇನ್ ಆಯೋಗ ಬೇಡವೆಂದಿತು. ಕೊನೆಗೆ ಮೊದಲ ಮಹಾಯುದ್ಧದಲ್ಲಿ ಬೆಳ್ಳಿಗೇ ಬರ ಬಂದಾಗ, 1918ರಲ್ಲಿ ಬೊಂಬಾಯಿ ಶಾಖೆ ತೆರೆಯಿತು. ಸುಮಾರು 13 ಲಕ್ಷ ಸವರನ್, 15 ರೂಪಾಯಿಯ ಸುಮಾರು 21 ಲಕ್ಷ ಮೊಹರು ಅಚ್ಚಾದವು. ಮರುವರ್ಷವೇ ಮುಚ್ಚಿತು. ಬಂದ ನಾಣ್ಯ ಸಂತೆಯಲ್ಲಿ ಉಳಿಯಲಿಲ್ಲ. ಕಾಸಿನ ಸರಕ್ಕೆ ಪೋಣಿಸಿಕೊಂಡಿತು. ಆಡಳಿತಗಾರರು ಇದನ್ನು ಭಾರತೀಯರ ಚಿನ್ನದ ಹುಚ್ಚು ಎಂದರು. ಆದರೆ 1893ರಲ್ಲಿ ಬೆಳ್ಳಿಗೆ ಏನಾಯಿತೆಂದು ಕಂಡ ಜನ ಸರ್ಕಾರದ ಮುದ್ರೆಯನ್ನು ನಂಬದೆ ಲೋಹವನ್ನು ನಂಬಿದರೆ ಅದು ಹುಚ್ಚಲ್ಲ, ಅನುಭವ.

ಚಿನ್ನದ ನಾಣ್ಯದ ಪರವಾಗಿ ಬಂದ ವಾದಗಳಲ್ಲಿ ಅತ್ಯಂತ ಗಟ್ಟಿಯಾದದ್ದು ಡಾ. ಬಿ.ಆರ್. ಅಂಬೇಡ್ಕರರದು. 1923ರಲ್ಲಿ ಪ್ರಕಟವಾದ ‘ದಿ ಪ್ರಾಬ್ಲಮ್ ಆಫ್ ದಿ ರುಪೀ’ ಗ್ರಂಥದಲ್ಲಿ ಅವರು ಕೇನ್ಸನ ವಾದದ ಬುಡಕ್ಕೇ ಕೈ ಹಾಕಿದರು. ಬೆಳ್ಳಿಗಿಂತ ಬೆಲೆಬಾಳುವ ಮುದ್ರೆಯ ರೂಪಾಯಿಯನ್ನು ಸರ್ಕಾರ ತನಗೆ ಬೇಕಾದಷ್ಟು ಅಚ್ಚು ಹಾಕಬಹುದಾದರೆ, ಪ್ರತಿ ರೂಪಾಯಿಯ ಮೇಲೂ ಅದಕ್ಕೆ ಲಾಭ. ಲಾಭವಿರುವಲ್ಲಿ ಮಿತಿ ಇರುವುದಿಲ್ಲ. ಮಿತಿಯಿಲ್ಲದ ಹಣದಿಂದ ಬೆಲೆ ಏರುತ್ತದೆ. ಬೆಲೆ ಏರಿದರೆ ಕೂಲಿ, ಸಂಬಳದವರು ಸೊರಗುತ್ತಾರೆ. ಆದ್ದರಿಂದ ರೂಪಾಯಿ ಅಚ್ಚನ್ನು ಸಂಪೂರ್ಣ ನಿಲ್ಲಿಸಿ, ಚಿನ್ನದ ಅಚ್ಚಿಗೆ ಟಂಕಸಾಲೆ ತೆರೆಯಬೇಕು ಎಂದರು. ಲೋಹದ ಮೋಹದಿಂದ ಹೇಳಿದ ಮಾತಲ್ಲ ಇದು. ಆಳುವವರ ಕೈ ಕಟ್ಟುವ ಹಗ್ಗವಾಗಿ ಅವರು ಚಿನ್ನವನ್ನು ನೋಡಿದರು. ವಿನಿಮಯ ದರ ಇಳಿಸಿದರೆ ವ್ಯಾಪಾರಿಗೆ ಅನುಕೂಲ, ದುಡಿಯುವವನಿಗೆ ನಷ್ಟ ಎಂಬುದನ್ನು ರೂಪಾಯಿಯ ಬಗ್ಗೆ ಕೂತ ಹಿಲ್ಟನ್ ಯಂಗ್ ಆಯೋಗದ ಮುಂದೆಯೂ ಎತ್ತಿದರು. ಈ ಇಡೀ ಶತಮಾನದ ಚರ್ಚೆಯಲ್ಲಿ ಕೂಲಿಯವನ ಕಿಸೆಯಿಂದ ಪ್ರಶ್ನೆಯನ್ನು ನೋಡಿದವರು ಅವರೊಬ್ಬರೇ ಎಂದು ನನಗನ್ನಿಸುತ್ತದೆ. ಹಣದುಬ್ಬರದ ಬಗ್ಗೆ ಅವರ ಎಚ್ಚರಿಕೆ ಇವತ್ತಿಗೂ ಹಳತಾಗಿಲ್ಲ: 1927ರಲ್ಲಿ ಸರ್ಕಾರ ತೊಲಕ್ಕೆ 21 ರೂಪಾಯಿ 3 ಆಣೆ 10 ಪೈ ಎಂದು ಕಟ್ಟಿದ ಚಿನ್ನದ ದರವನ್ನು ಇಂದಿನ ದರದ ಪಕ್ಕ ಇಟ್ಟರೆ ಸಾಕು.

ಆ 1927ರ ಕಾಯ್ದೆಯೇ ಚಿನ್ನದ ನಾಣ್ಯದ ಕೊನೆ. ಸವರನ್ ಕಾನೂನಿನ ಹಣವಾಗಿ ಉಳಿಯಲಿಲ್ಲ. ಸರ್ಕಾರ ಚಿನ್ನ ಕೊಳ್ಳುತ್ತಿತ್ತು, ಆದರೆ ಕನಿಷ್ಠ 40 ತೊಲದ ಗಟ್ಟಿಯಾದರೆ ಮಾತ್ರ. 40 ತೊಲ ಯಾರ ಮನೆಯಲ್ಲಿತ್ತು? 1931ರ ಸೆಪ್ಟೆಂಬರಿನಲ್ಲಿ ಬ್ರಿಟನ್ ಚಿನ್ನದ ಮಾನಕ ಬಿಟ್ಟಿತು, ರೂಪಾಯಿಯನ್ನು ಪೌಂಡಿನ ಬಾಲಕ್ಕೆ ಕಟ್ಟಿದರು. ಕೃಷಿ ಬೆಲೆಗಳು ನೆಲ ಕಚ್ಚಿದ್ದ ಕಾಲ. ಕಂದಾಯ, ಬಡ್ಡಿ ಮಾತ್ರ ಹಾಗೇ ಇದ್ದವು. ಹಳ್ಳಿಗಳ ಚಿನ್ನ ಶರಾಫ ಅಂಗಡಿಗಳಿಗೂ ಅಲ್ಲಿಂದ ಬೊಂಬಾಯಿ ಬಂದರಿಗೂ ಹರಿಯಿತು. ನೂರಾರು ಕೋಟಿ ರೂಪಾಯಿಯ ಚಿನ್ನ ದೇಶ ಬಿಟ್ಟಿತು. ರಫ್ತು ತಡೆಯಿರಿ, ಸರ್ಕಾರವೇ ಕೊಂಡುಕೊಳ್ಳಲಿ ಎಂಬ ಕೂಗನ್ನು ಯಾರೂ ಕೇಳಲಿಲ್ಲ. ಪತ್ರಿಕೆಗಳು ಹೀಗೆ ಹೋದ ಚಿನ್ನವನ್ನು ‘ಸಂಕಟದ ಚಿನ್ನ’ ಎಂದು ಕರೆದವು.

ಬೆಳ್ಳಿ ರೂಪಾಯಿಯೂ ಹೆಚ್ಚು ಕಾಲ ಉಳಿಯಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ, 1940ರಲ್ಲಿ, ಅದರ ಬೆಳ್ಳಿ ಅರ್ಧಕ್ಕೆ ಇಳಿಯಿತು. ಹಳೆಯ ಗಟ್ಟಿ ರೂಪಾಯಿಗಳನ್ನು ಚಲಾವಣೆಯಿಂದ ಹಿಂತೆಗೆದರು. ಯುದ್ಧ ಮುಗಿದ ಮೇಲೆ ನಿಕ್ಕೆಲ್ ಬಂತು.

ಸ್ವಾತಂತ್ರ್ಯ ಬಂದ ಮೇಲಿನ ಕಥೆಯೂ ನಮ್ಮ ಕೋಲಾರಕ್ಕೆ ನ್ಯಾಯ ಮಾಡಲಿಲ್ಲ. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ರಾಷ್ಟ್ರೀಕರಿಸಿತು. ಮುಂದೆ ಅಲ್ಲಿಯ ಚಿನ್ನವನ್ನು ಅಂತರರಾಷ್ಟ್ರೀಯ ಹಣಕಾಸು ನಿಧಿಯ ದರಕ್ಕೆ, ಅಂದರೆ ಔನ್ಸಿಗೆ 35 ಡಾಲರಿನ ಲೆಕ್ಕದಲ್ಲಿ ಕೇಂದ್ರ ಸರ್ಕಾರಕ್ಕೆ ಕೊಡಬೇಕಾಯಿತು. ಪೇಟೆಯ ದರ ಅದರ ಎರಡರಷ್ಟರ ಹತ್ತಿರ. ದೇಶದ ಖಜಾನೆಗೆ ಅಗ್ಗದ ಚಿನ್ನ, ಗಣಿಯ ಲೆಕ್ಕದಲ್ಲಿ ನಷ್ಟ. 1962ರಲ್ಲಿ ಗಣಿ ಕೇಂದ್ರದ ಕೈಗೆ ಹೋಯಿತು. 1963ರ ಜನವರಿಯಲ್ಲಿ ಮೊರಾರ್ಜಿ ದೇಸಾಯಿಯವರ ಚಿನ್ನ ನಿಯಂತ್ರಣ ನಿಯಮಗಳು ಬಂದವು. 14 ಕ್ಯಾರಟ್ಟಿಗಿಂತ ಹೆಚ್ಚಿನ ಶುದ್ಧತೆಯ ಹೊಸ ಒಡವೆ ಮಾಡುವಂತಿರಲಿಲ್ಲ. ಅಕ್ಕಸಾಲಿಗರ ಕೇರಿಗಳಲ್ಲಿ ಒಲೆ ಆರಿತು. 1968ರಲ್ಲಿ ಚಿನ್ನ ನಿಯಂತ್ರಣ ಕಾಯ್ದೆಯಾಗಿ, 1990ರಲ್ಲಿ ರದ್ದಾಯಿತು. ಜನ ಚಿನ್ನ ಇಟ್ಟುಕೊಳ್ಳುವುದೇ ದೇಶದ್ರೋಹವೆಂಬಂತೆ ನೋಡಿದ ಸರ್ಕಾರ, ಕಾಯ್ದೆ ರದ್ದಾದ ಮರುವರ್ಷವೇ, 1991ರ ವಿದೇಶಿ ವಿನಿಮಯದ ಬಿಕ್ಕಟ್ಟಿನಲ್ಲಿ ತನ್ನ 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನಿನಲ್ಲಿ ಅಡವಿಟ್ಟಿತು. ಕಷ್ಟ ಬಂದಾಗ ರೈತನ ಹೆಂಡತಿ ಮಾಡುವುದನ್ನೇ ದೇಶವೂ ಮಾಡಿತು. ನಾನಿದನ್ನು ದೂರಾಗಿ ಹೇಳುತ್ತಿಲ್ಲ. ಅದು ಸರಿಯಾದ ಹೆಜ್ಜೆಯಾಗಿತ್ತು.

ಹಾಗಾದರೆ ಇಂದು ಚಿನ್ನ ಬೆಳ್ಳಿಯನ್ನು ಮತ್ತೆ ನಾಣ್ಯವಾಗಿ ತರಬಹುದೇ? ಲೆಕ್ಕ ಹಾಕೋಣ. ರಿಸರ್ವ್ ಬ್ಯಾಂಕಿನ ಬಳಿ 2025ರ ಮಾರ್ಚಿನಲ್ಲಿ ಸುಮಾರು 880 ಟನ್ ಚಿನ್ನವಿತ್ತು. 10 ಗ್ರಾಮಿಗೆ 1 ಲಕ್ಷದ ಲೆಕ್ಕದಲ್ಲಿ ಅದು 8 ಲಕ್ಷ 80 ಸಾವಿರ ಕೋಟಿ ರೂಪಾಯಿ. ಚಲಾವಣೆಯಲ್ಲಿರುವ ನೋಟು ಅದೇ ಹೊತ್ತಿಗೆ 36 ಲಕ್ಷ ಕೋಟಿಗೂ ಹೆಚ್ಚು. ಬ್ಯಾಂಕ್ ಠೇವಣಿಗಳ ಮಾತು ಬೇರೆ. ದೇಶದಲ್ಲಿ ಗಣಿಯಿಂದ ಬರುವ ಚಿನ್ನವೆಂದರೆ ಬಹುತೇಕ ರಾಯಚೂರು ಜಿಲ್ಲೆಯ ಹಟ್ಟಿಯದು, ವರ್ಷಕ್ಕೆ ಎರಡು ಟನ್ನಿಗೂ ಒಳಗೆ. ಆಮದು 700 ಟನ್ನಿನ ಆಸುಪಾಸು. ಹಣದ ಪ್ರಮಾಣವನ್ನು ಆಮದಿನ ಸರಕಿಗೆ ಕಟ್ಟಿದರೆ, ಇಲ್ಲಿಯ ಕೂಲಿ, ಸಾಲ, ಬಾಡಿಗೆಗಳನ್ನು ದುಬೈ, ಲಂಡನ್ನಿನ ದರಕ್ಕೆ ಕಟ್ಟಿದಂತೆ. ಎರಡೇ ವರ್ಷಗಳಲ್ಲಿ ಚಿನ್ನದ ಬೆಲೆ ಏರಿದ ಬಗೆ ಕಂಡಿದ್ದೇವೆ. ಚಿನ್ನದ ಲೆಕ್ಕದಲ್ಲಿ ಮನೆ ಸಾಲ ತೆಗೆದುಕೊಂಡ ವರ್ತೂರಿನ ಯುವ ದಂಪತಿಗೆ ಆ ಏರಿಕೆ ಏನು ಮಾಡುತ್ತಿತ್ತು ಎಂದು ಯೋಚಿಸಿದರೆ ಸಾಕು. 1893ರ ನಂತರ ರೂಪಾಯಿಯನ್ನು ಏರಿಸಿದಾಗ ಸಾಲಗಾರ ರೈತನಿಗೆ ಆದದ್ದೂ ಅದೇ.

ಹೊರಗಿನ ಪ್ರಯೋಗಗಳೂ ಭರವಸೆ ಹುಟ್ಟಿಸುವುದಿಲ್ಲ. ಅಮೆರಿಕದ ಯೂಟಾ ರಾಜ್ಯ 2011ರಲ್ಲಿ ಚಿನ್ನ ಬೆಳ್ಳಿ ನಾಣ್ಯಗಳನ್ನು ಕಾನೂನಿನ ಹಣವೆಂದು ಒಪ್ಪಿತು. ಅಂಗಡಿಯಲ್ಲಿ ಜನ ಕೊಡುವುದು ಡಾಲರನ್ನೇ. ಸ್ವಿಟ್ಜರ್ಲೆಂಡಿನಲ್ಲಿ 2014ರ ನವೆಂಬರಿನಲ್ಲಿ ಕೇಂದ್ರ ಬ್ಯಾಂಕು ಹೆಚ್ಚು ಚಿನ್ನ ಇಡಬೇಕೆಂಬ ಪ್ರಸ್ತಾವವನ್ನು ನೂರಕ್ಕೆ 77 ಮಂದಿ ತಿರಸ್ಕರಿಸಿದರು. ಜಿಂಬಾಬ್ವೆ 2024ರ ಏಪ್ರಿಲಿನಲ್ಲಿ ಚಿನ್ನದ ಬೆಂಬಲದ ಹೊಸ ಹಣ ತಂದು, ಸೆಪ್ಟೆಂಬರಿನಲ್ಲಿ ಅದರ ಬೆಲೆಯನ್ನು ನೂರಕ್ಕೆ 40ಕ್ಕೂ ಹೆಚ್ಚು ಇಳಿಸಬೇಕಾಯಿತು. ಸರ್ಕಾರವನ್ನು ನಂಬಲಾಗದಿದ್ದರೆ ಅದರ ಚಿನ್ನದ ಮಾತನ್ನೂ ನಂಬಲಾಗುವುದಿಲ್ಲ. ಅಂಬೇಡ್ಕರರು ಚಿನ್ನಕ್ಕೆ ವಹಿಸಿದ ಕಾವಲಿನ ಕೆಲಸವನ್ನು ಇಂದು ಸಂಸತ್ತು, ಹಣದುಬ್ಬರದ ಗುರಿಯ ಕಾನೂನು, ಪತ್ರಿಕೆ, ಮತದಾರ ಮಾಡಬೇಕು. ಅವು ಸಡಿಲವಾದರೆ ಲೋಹ ಕಾಯುವುದಿಲ್ಲ.

ಹಾಗಾಗಿ ಚಿನ್ನದ ನಾಣ್ಯವನ್ನು ರಾಷ್ಟ್ರದ ಹಣವಾಗಿ ತರುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಆದರೆ 1893ರಲ್ಲಿ ಮುಚ್ಚಿದ ಬಾಗಿಲಿನ ಪ್ರಶ್ನೆ ಹಾಗೇ ಉಳಿದಿದೆ. ವರ್ತೂರಿನ ಮುಖ್ಯ ರಸ್ತೆಯಲ್ಲೂ ವೈಟ್‌ಫೀಲ್ಡ್ ಕಡೆಗೂ ಚಿನ್ನದ ಸಾಲದ ಫಲಕಗಳು ಅಂಗಡಿ ಸಾಲಿನ ಮೇಲೆ ಎದ್ದು ಕಾಣುತ್ತವೆ. ಒಳಗೆ ನಡೆಯುವುದನ್ನು ನೋಡಿದವರಿಗೆ ಗೊತ್ತು: ಅಪ್ರೈಸರ್ ಸರವನ್ನು ಒರೆಗಲ್ಲಿಗೆ ತಿಕ್ಕಿ, ಗೆರೆಯ ಮೇಲೆ ಒಂದು ಹನಿ ಆಸಿಡ್ ಬಿಟ್ಟು, ಬಣ್ಣ ನಿಲ್ಲುವುದನ್ನು ಕಾಯುತ್ತಾರೆ. ಆಮೇಲೆ ತೂಕ. ಕಲ್ಲು, ಅರಗು, ದಾರದ ತೂಕ ಕಳೆಯುತ್ತಾರೆ. ಆ ‘ಕಳೆದದ್ದು’ ಎಷ್ಟು ಎಂಬುದರಲ್ಲಿ ಒಂದು ಶಾಲೆಯ ಫೀಸು ಕೂತಿರುತ್ತದೆ. ಮಳೆ ಕೈಕೊಟ್ಟ ವರ್ಷ ಹೊಸಕೋಟೆ, ಮಾಲೂರು ಕಡೆಯ ರೈತರು, ಕೆಲಸ ಹೋದ ತಿಂಗಳು ಕಾರ್ಖಾನೆಯ ನೌಕರರು, ಆಸ್ಪತ್ರೆ ಬಿಲ್ಲು ಬಂದ ದಿನ ಯಾರಾದರೂ ಈ ಕೌಂಟರಿನ ಮುಂದೆ ನಿಲ್ಲುತ್ತಾರೆ. ಹಿಂದೆ ಟಂಕಸಾಲೆ ಇದ್ದ ಜಾಗದಲ್ಲಿ ಈಗ ಇರುವುದು ಇದೇ ಕೌಂಟರ್.

ಇಲ್ಲಿ ಒಂದು ಒಳ್ಳೆಯ ಬೆಳವಣಿಗೆ ಇದೆ. ರಿಸರ್ವ್ ಬ್ಯಾಂಕ್ 2025ರ ಜೂನಿನಲ್ಲಿ ಹೊರಡಿಸಿದ, 2026ರ ಏಪ್ರಿಲ್ 1ರ ಗಡುವಿನ ನಿರ್ದೇಶನಗಳು ಚಿನ್ನದ ಜೊತೆ ಬೆಳ್ಳಿಯನ್ನೂ ಅಡಮಾನಕ್ಕೆ ಒಪ್ಪುತ್ತವೆ. ಸಣ್ಣ ಸಾಲಕ್ಕೆ, ಅಂದರೆ ಎರಡೂವರೆ ಲಕ್ಷದವರೆಗೆ, ಒಡವೆಯ ಬೆಲೆಯ ನೂರಕ್ಕೆ 85ರವರೆಗೆ ಕೊಡಬಹುದು. ಅಪ್ರೈಸರ್ ಸಾಲಗಾರರ ಎದುರಿಗೇ ಒರೆ ಹಚ್ಚಬೇಕು. ಏನು ಕಳೆದರು ಎಂದು ವಿವರಿಸಬೇಕು. ಕಾಗದ ಪತ್ರ ಆ ಪ್ರದೇಶದ ಭಾಷೆಯಲ್ಲಿ ಅಥವಾ ಸಾಲಗಾರರು ಆರಿಸಿಕೊಂಡ ಭಾಷೆಯಲ್ಲಿ ಇರಬೇಕು. ಸಾಲ ತೀರಿದ ಮೇಲೆ ಏಳು ಕೆಲಸದ ದಿನಗಳೊಳಗೆ ಒಡವೆ ಕೊಡದಿದ್ದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಹರಾಜಿನ ಮೂಲ ಬೆಲೆ ಆ ದಿನದ ಬೆಲೆಯ ನೂರಕ್ಕೆ 90ಕ್ಕಿಂತ ಕಡಿಮೆ ಇಡುವಂತಿಲ್ಲ. ಎರಡು ಹರಾಜು ಸೋತರೆ ಮಾತ್ರ 85. ನೂರಮೂವತ್ತು ವರ್ಷಗಳ ಬಳಿಕ ಬಡವರ ಬೆಳ್ಳಿಗೆ ದೇಶದ ಹಣದ ಸಂಸ್ಥೆಯೊಂದು ಮತ್ತೆ ನೆಲೆಗಟ್ಟಿನ ಬೆಲೆಯ ಮಾತಾಡುತ್ತಿದೆ. ನಾಣ್ಯಪ್ರೇಮಿಗಳು ಇದನ್ನು ಗಮನಿಸಿಯೇ ಇಲ್ಲ.

ಈ ನಿರ್ದೇಶನಗಳು ತಲುಪದ ಜಾಗವೂ ಇದೆ. ಬ್ಯಾಂಕು, ಹಣಕಾಸು ಕಂಪನಿ, ಸಹಕಾರಿ ಬ್ಯಾಂಕುಗಳಿಗೆ ಇವು ಅನ್ವಯಿಸುತ್ತವೆ. ಬೀದಿ ತಿರುವಿನ ಗಿರವಿ ಅಂಗಡಿಗೆ ಅನ್ವಯಿಸುವುದಿಲ್ಲ. ಅದು 1961ರ ಕರ್ನಾಟಕ ಗಿರವಿದಾರರ ಕಾಯ್ದೆಯ ಕೆಳಗೆ ಬರುತ್ತದೆ. ಕಾಲುಗೆಜ್ಜೆ, ಮಗುವಿನ ಉಡಿದಾರ, ನಾಲ್ಕು ಬೆಳ್ಳಿ ಲೋಟ ಇಟ್ಟು ಎರಡು ಮೂರು ಸಾವಿರ ತರಬೇಕಾದವರು ಹೋಗುವುದು ಅಲ್ಲಿಗೇ, ಬ್ಯಾಂಕಿನ ಕೌಂಟರಿಗಲ್ಲ. ಎದುರಿಗೇ ಒರೆ ಹಚ್ಚುವುದು, ಕಳೆದ ತೂಕವನ್ನು ಕನ್ನಡದಲ್ಲಿ ಬರೆದುಕೊಡುವುದು, ಹರಾಜಿಗೆ ನೂರಕ್ಕೆ 90ರ ಮೂಲ ಬೆಲೆ, ತಡವಾದರೆ ಪರಿಹಾರ, ಈ ನಾಲ್ಕನ್ನೂ ರಾಜ್ಯದ ಕಾಯ್ದೆಯೊಳಗೆ ತರಲು ವಿಧಾನಸಭೆಗೆ ದೆಹಲಿಯ ಅಪ್ಪಣೆಗಾಗಿ ಕಾಯುವ ಅಗತ್ಯವಿಲ್ಲ. ಇದು ನಮ್ಮ ಶಾಸಕರ ಕೈಯಲ್ಲೇ ಇದೆ, ಮುಂದಿನ ಅಧಿವೇಶನದಲ್ಲೇ ಆಗಬೇಕು.